ಹಲಸೋ ಹಳಸೋ

ನಮ್ಮ ಅತ್ತಿಗೆ ಮಾಡುವ ಹಲಸಿನ ಹಪ್ಪಳಕ್ಕೆ ಶಿರಸಿ ಕಡೆ ಹೆಸರಿಲ್ಲದೆಯೇ ಹೆಸರಿದೆ. ಈ ಬೇಸಿಗೆಯಲ್ಲಿ ಬೆಂಗಳೂರಿನ ಮಗ, "ಆಯಿ, ವೆಬ್‌ಸೈಟ್ ಮಾಡುವಾ, ಒಂದು ಡೊಮೇನ್ ಹೆಸರು ಆರಿಸಿ" ಎಂದ. ಬ್ಯಾಂಕಿನಿಂದ ನಿವೃತ್ತನಾಗಿ ಬಿಡುವಾಗಿದ್ದ ನನ್ನ ಕೊರಳಿಗೆ ಆ ಕೆಲಸ ಬಿತ್ತು.

"ಕೊನೆಗೆ ಡಾಟ್ ಕಾಮ್ ಅಂತ ಬರ್ತದೆ ಅತ್ತಿಗೆ" ಎಂದೆ.

"ಹಪ್ಪಳಕ್ಕೆ ಕಾಮ ಎಂತಕ್ಕೆ?" ಅತ್ತಿಗೆ ಸೆರಗು ಸರಿಮಾಡಿಕೊಂಡರು. ಅದು ಕಮರ್ಷಿಯಲ್‌ನ ಮೊಟಕು ರೂಪ, ವ್ಯಾಪಾರದ ಮಾತು ಎಂದ ಮೇಲೆ ಸಮಾಧಾನವಾಯಿತು.

ಮೊದಲ ಸಲಹೆ ಅಣ್ಣನದು: ಶ್ರೀ ಮಹಾಗಣಪತಿ ಪ್ರಸನ್ನ ಹಲಸಿನ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಗೃಹೋದ್ಯಮ. ಇಂಗ್ಲಿಷ್ ಅಕ್ಷರದಲ್ಲಿ ಎಣಿಸಿದರೆ 71. ಚುಕ್ಕಿಯ ಹಿಂದಿನ ಹೆಸರು 63 ದಾಟುವಂತಿಲ್ಲ. "ಗಣಪತಿಯನ್ನು ಬಿಡುವುದೋ, ಉಪ್ಪಿನಕಾಯಿಯನ್ನೋ?" ಎಂದು ಅಣ್ಣ ಧರ್ಮಸಂಕಟಕ್ಕೆ ಬಿದ್ದ.

ಚಿಕ್ಕ, ಚೊಕ್ಕ ಹೆಸರುಗಳನ್ನು ಯಾರ್‍ಯಾರೋ ಹಿಡಿದಿಟ್ಟಿದ್ದರು. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪನಿಗೆ. ಅವತ್ತೇ ಹೊರಟಿದ್ದರೆ ಬೇಕಾದ್ದು ಸಿಗುತ್ತಿತ್ತು. ಆದರೆ ಮಾರ್ಚ್ ತಿಂಗಳಲ್ಲಿ ಅತ್ತಿಗೆಗೆ ಪುರುಸೊತ್ತೆಲ್ಲಿ? ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗುತ್ತಿರುತ್ತದೆ.

"ಬರೀ ಹಲಸು ಅಂತ ಇಡು" ಎಂದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದ ಮನೆ ಹುಡುಗನಿಗೆ ತೋರಿಸಿದೆ. ಅವನು ಸ್ಪಷ್ಟವಾಗಿ "ಹಳಸು" ಎಂದು ಓದಿದ! ತಿನ್ನುವ ಪದಾರ್ಥಕ್ಕೆ ಇದಕ್ಕಿಂತ ಅಪಶಕುನ ಬೇಕೆ? ದೊಡ್ಡ ಎಲ್ ಹಾಕಿದರೆ ಳ, ಸಣ್ಣದಾದರೆ ಲ ಎಂದು ವ್ಯಾಕರಣ ಹೂಡಿದೆ. ಡೊಮೇನಿನಲ್ಲಿ ದೊಡ್ಡದು ಸಣ್ಣದು ಎಂಬ ಭೇದವೇ ಇಲ್ಲವಂತೆ. ಸಮಾಜದಲ್ಲಿ ಬಾರದ ಸಮಾನತೆ ಅಲ್ಲಿ ಬಂದು ಅತ್ತಿಗೆಯ ಹಪ್ಪಳವನ್ನು ಹಳಸಿಸಿತು.

ಕನ್ನಡದಲ್ಲೇ ಬರೆದು ಮುಂದೆ 'ಡಾಟ್ ಭಾರತ' ಎಂದು ಹಾಕಬಹುದು, ಲಕಾರ ಲಕಾರವಾಗಿಯೇ ಉಳಿಯುತ್ತದೆ. ನನಗೆ ರೋಮಾಂಚನವಾಯಿತು. ಆದರೆ ಕಂಪ್ಯೂಟರ್ ಅದನ್ನು ಒಳಗೊಳಗೇ 'ಎಕ್ಸ್ ಎನ್' ಎಂದು ಶುರುವಾಗುವ ಯಾವುದೋ ಬೀಜಮಂತ್ರ ಮಾಡಿಕೊಳ್ಳುತ್ತದೆ. ಜೊತೆಗೆ ಮುಂಬೈಯ ಗಿರಾಕಿಯ ಫೋನಿನಲ್ಲಿ ಕನ್ನಡ ಕೀಲಿಮಣೆ ಎಲ್ಲಿಂದ ಬರಬೇಕು?

ಕೊನೆಗೆ ಕೇರಿಯ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ, ಕರಿದ ಹಪ್ಪಳ ಕೊಟ್ಟು, ನಾನು ಹೇಳಿದ ಪದವನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. 'ಉಪ್ಪಿನಕಾಯಿ'ಯನ್ನು ನಾಲ್ವರೂ ನಾಲ್ಕು ಬಗೆಯಲ್ಲಿ ಬರೆದರು. ಅಷ್ಟರಲ್ಲಿ ಒಬ್ಬಳು ಹಪ್ಪಳ ಮುರಿಯುತ್ತ "ಗರಿಗರಿ ಇದ್ದು" ಎಂದಳು. ಅದನ್ನೇ ಬರೆಸಿದೆ. ನಾಲ್ಕೂ ಚೀಟಿಯಲ್ಲಿ ಒಂದೇ ಕಾಗುಣಿತ! ದೀರ್ಘವಿಲ್ಲ, ಒತ್ತಿಲ್ಲ, ಮಹಾಪ್ರಾಣವಿಲ್ಲ, ಳಕಾರದ ಕಾಟವಿಲ್ಲ. ಹುಡುಕಿದರೆ ಡಾಟ್ ಇನ್ ಖಾಲಿ ಇತ್ತು.

"ಇವತ್ತು ಅಮಾವಾಸ್ಯೆ. ಗುರುವಾರ ತಗೊ" ಎಂದರು ಅತ್ತಿಗೆ. ಗುರುವಾರ ನೋಡಿದರೆ ಹೆಸರು ಹೋಗಿತ್ತು. "ಅವನ ಹಪ್ಪಳ ಮುಗ್ಗಿ ಹೋಗಲಿ!" ಎಂದು ಶಪಿಸುತ್ತಿರುವಾಗಲೇ ಮಗನ ಫೋನ್: "ಬೈಬೇಡ ಆಯಿ, ಕಳ್ಳ ನಾನೇ. ನೀನು ಹೆಸರು ಹೇಳಿದ ರಾತ್ರಿಯೇ ತಗೊಂಡೆ. ವರ್ಷ ವರ್ಷ ದುಡ್ಡು ಕಟ್ಟಲು ಮಾತ್ರ ಮರೆಯಬಾರದು."

"ಹೆಸರಿಟ್ಟದ್ದಕ್ಕೂ ಬಾಡಿಗೆಯಾ?"

ಅಂತೂ ಹೆಸರು ಮನೆಯಲ್ಲೇ ಉಳಿಯಿತು ಎಂದು ನಿಟ್ಟುಸಿರು ಬಿಡುವಾಗ ಅಂಗಳದಲ್ಲಿ ಮೊದಲ ಮಳೆ ಹನಿಯಿತು. ನಾವು ಹೆಸರು ಹುಡುಕಿದ ಮೂರು ವಾರಗಳಲ್ಲಿ ಹಲಸಿನಕಾಯಿಗಳೆಲ್ಲ ಮರದಲ್ಲೇ ಹಣ್ಣಾಗಿದ್ದವು.

"ಅಡ್ಡಿಲ್ಲೆ ತಮ್ಮಾ, ಹಣ್ಣಿನ ಕಡುಬು ಮಾಡಿ ಮಾರುವಾ" ಎಂದ ಅತ್ತಿಗೆ ಒಂದು ಕ್ಷಣ ತಡೆದು ಕೇಳಿದರು: "ಕಡುಬಿಗೆ ಗರಿಗರಿ ಅನ್ನೋ ಹೆಸರು ಒಪ್ತದಾ?"