ರೂಪಾಯಿಗೆಷ್ಟು ದಣಿವು?

ಶಾಲೆಗೆ ದೊಡ್ಡ ರಜೆ ಸಿಕ್ಕಿದ ಮೇಲೆ ಮಂಗಳೂರಿನ ಮನೆಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: "ಈಗ ಎಂತ ಮಾಡುವುದು?" ಮಕ್ಕಳು ಅದನ್ನು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಾರೆ, ಹೆತ್ತವರು ತಿಂಗಳ ಕೊನೆಗೆ ಪರ್ಸ್ ತೆರೆದಾಗ ಕೇಳುತ್ತಾರೆ. ಇಬ್ಬರಿಗೂ ಉತ್ತರ ಸಿಗದಿರುವುದಕ್ಕೆ ನಾವು ಹಿಡಿದಿರುವ ಅಳತೆಗೋಲೇ ಕಾರಣ ಎಂಬುದು ನನ್ನ ವಾದ. ಮಗು ಎಷ್ಟು ನಕ್ಕಿತು, ಎಷ್ಟು ಕಲಿಯಿತು ಎಂದು ನೋಡುತ್ತೇವೆ. ನೋಡಬೇಕಾದದ್ದು ರಾತ್ರಿ ಎಷ್ಟು ಗಂಟೆಗೆ ಮಲಗಿತು ಎಂದು. ಖರ್ಚಾದ ಪ್ರತಿ ರೂಪಾಯಿಗೆ ಎಷ್ಟು ದಣಿವು ಬಂತು, ರಜೆಯ ಲೆಕ್ಕ ಅಷ್ಟೇ.

ಈ ಲೆಕ್ಕದಲ್ಲಿ ಮಾಲ್ ಮೊದಲ ಸುತ್ತಿನಲ್ಲೇ ಔಟ್. ಎ.ಸಿ.ಯಲ್ಲಿ ಬೆವರಿಳಿಯುವುದಿಲ್ಲ, ಎಸ್ಕಲೇಟರಿನಲ್ಲಿ ಕಾಲು ಸವೆಯುವುದಿಲ್ಲ, ಸವೆಯುವುದು ಅಪ್ಪನ ಕಾರ್ಡು ಮಾತ್ರ. ಅದರ ಬದಲು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸಿಟಿ ಬಸ್ಸು ಹತ್ತಿ ನೋಡಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರಕಾರಿ ಬಸ್ಸನ್ನು ಹೆಂಗಸರಿಗೆ ಪುಕ್ಕಟೆ ಮಾಡಿತಾದರೂ ನಮ್ಮೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಹಾಗಾಗಿ ಟಿಕೆಟ್ ತಪ್ಪಿದ್ದಲ್ಲ. ಆದರೆ ಆ ಬ್ರೇಕಿಗೆ, ಆ ತಿರುವುಗಳಿಗೆ ಬೇರೆ ಕಡೆ ಎಷ್ಟು ಕೊಡಬೇಕು ಮಾರಾಯ್ರೆ! ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪುವಿನ ಕಾಲದ ಕಾವಲು ಬುರುಜು ಹತ್ತಿಳಿದು, ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ ಬೀಚು. ಕಾಲು ಹೂತುಹೋಗುವ ಮರಳಿನಲ್ಲಿ ಅರ್ಧ ಗಂಟೆ ಓಡಿದ ಮಗುವಿಗೆ ಜೋಗುಳ ಬೇಡ. ನವಮಂಗಳೂರು ಬಂದರಿನ ಸರದಿಗೆ ಕಾದು ದೂರದಲ್ಲಿ ನಿಂತ ಹಡಗುಗಳನ್ನು ಎಣಿಸುವುದಕ್ಕೂ ಕಾಸಿಲ್ಲ. ನೀರಿಗೆ ಮಾತ್ರ ಇಳಿಸಬೇಡಿ, ಮಳೆಗಾಲ ಹತ್ತಿರವಾದಾಗಿನ ಕಡಲಿಗೆ ಮಕ್ಕಳಾಟ ಗೊತ್ತಿಲ್ಲ. ಇನ್ನೊಂದು ಅಪಾಯ ದಡದಲ್ಲೇ ಉಂಟು, ಅದು ಚರ್ಮುರಿ ಗಾಡಿ. ಅದನ್ನು ದಾಟಿ ಬಂದವರೂ ಪೇಟೆಯಲ್ಲಿ ಗಡ್‌ಬಡ್ ಐಸ್‌ಕ್ರೀಮಿನ ಹೆಸರೆತ್ತಿದರೆ ದಿನದ ಉಳಿತಾಯ ಪೂರಾ ಕರಗಿತು.

ಮೊಬೈಲು ಇದಕ್ಕಿಂತ ಅಗ್ಗವಲ್ಲವೇ ಎನ್ನುವವರುಂಟು. ಅಗ್ಗವೇ. ಆದರೆ ಅದು ಮಗುವನ್ನು ಸುಮ್ಮನಾಗಿಸುತ್ತದೆ, ದಣಿಸುವುದಿಲ್ಲ. ಹಗಲು ಖರ್ಚಾಗದ ಶಕ್ತಿ ರಾತ್ರಿ ಹನ್ನೊಂದಕ್ಕೆ ಸೋಫಾದ ಮೇಲೆ ಬಡ್ಡಿ ಸಮೇತ ಹೊರಬರುತ್ತದೆ. ಬೇಸಿಗೆ ಶಿಬಿರದ ಮೇಲೆ ನನಗೆ ಗೌರವ ಉಂಟು, ಅಲ್ಲಿಂದ ಮನೆಗೆ ಬರುವ, ಇಡಲು ಜಾಗವಿಲ್ಲದ, ಬಿಸಾಡಲು ಧೈರ್ಯವಿಲ್ಲದ ಥರ್ಮೋಕೋಲ್ ಅರಮನೆಗಳ ಮೇಲೆ ಇಲ್ಲ. ಕಲೆಯೇ ಬೇಕೆಂದರೆ ಹರಕೆಯ ಬಯಲಾಟ ಇದೆಯಲ್ಲ! ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಖರ್ಚು ಹರಕೆ ಹೊತ್ತವರದ್ದು, ನಮಗೆ ಟಿಕೆಟ್ ಇಲ್ಲ. ಪಿಲಿಕುಳದಲ್ಲಿ 2018ರಲ್ಲಿ ತೆರೆದ ತ್ರೀ-ಡಿ ತಾರಾಲಯವೂ ಚೆಂದವೇ, ಆದರೆ ದೇವಿಮಹಾತ್ಮೆಯ ಮಹಿಷಾಸುರ ಪಂಜು ಹಿಡಿದು ಜನರ ನಡುವಿನಿಂದ ಅಬ್ಬರಿಸಿ ಬರುವಂತೆ ಅಲ್ಲಿ ಯಾವ ನಕ್ಷತ್ರವೂ ಕುರ್ಚಿಗಳ ನಡುವೆ ನುಗ್ಗುವುದಿಲ್ಲ.

ತೂಕದ ಆಕ್ಷೇಪ ಒಂದೇ: ಇಷ್ಟೆಲ್ಲ ತಿರುಗಿದರೆ ಮಗುವಿಗಿಂತ ಮೊದಲು ದಣಿಯುವವರು ಜೊತೆಗೆ ಹೋದವರು. ಇದನ್ನು ತಳ್ಳಿಹಾಕಲಾರೆ. ಅದಕ್ಕೇ ನನ್ನ ಮೊದಲ ಸ್ಥಾನ ಬೀಚಿಗೂ ಇಲ್ಲ, ಬಯಲಾಟಕ್ಕೂ ಇಲ್ಲ. ಹಲಸಿನ ಹಪ್ಪಳ ಕಾಯುವುದಕ್ಕೆ. ಅಂಗಳವಿಲ್ಲದ ಫ್ಲ್ಯಾಟಿಗೂ ತಾರಸಿ ಉಂಟಲ್ಲ, ಒಂದು ಚಾಪೆ ಹಾಸಿದರೆ ಸಾಕು. ಬೆಳಗ್ಗಿನ ಬಿಸಿಲಿಗೆ ಹಪ್ಪಳ ಹರಡಿ, ನೆರಳಿನಲ್ಲೊಂದು ಸ್ಟೂಲು, ಕೈಗೊಂದು ಕೋಲು ಕೊಟ್ಟು ದೊಡ್ಡವರು ಫ್ಯಾನಿನಡಿ ಕೂರಬಹುದು. ಮಿಕ್ಕದ್ದನ್ನು ಕಾಗೆಗಳು ನೋಡಿಕೊಳ್ಳುತ್ತವೆ, ಅವು ರಜೆಯಿಡೀ ಹಾಜರು. ಕೊಟ್ಟ ಜವಾಬ್ದಾರಿ ನಿಜದ್ದು, ಶತ್ರುವೂ ನಿಜದ್ದು ಎಂದು ಗೊತ್ತಾದ ಮಗು ಏಳೆಂದರೂ ಏಳುವುದಿಲ್ಲ. ಕಾಗೆಗಿಂತ ಕಾವಲುಗಾರನೇ ಹೆಚ್ಚು ತಿನ್ನುತ್ತಾನೆ ಎಂಬ ದೂರು ಅಡುಗೆಮನೆಯಿಂದ ಬಂದೇ ಬರುತ್ತದೆ. ಬರಲಿ. ಅರೆಒಣಗಿದ ಹಪ್ಪಳದ ರುಚಿ ಕರಿದ ಹಪ್ಪಳಕ್ಕಿಲ್ಲ, ಎಣ್ಣೆಯೂ ಉಳಿಯಿತು.