ರಸೀದಿ ಕೊಟ್ಟಿದೀವಲ್ಲ ಸಾರ್!

ಗೆ,
ಪಾರ್ಕಿಂಗ್ ಗುತ್ತಿಗೆದಾರ ಮಹಾಶಯರು,
ನಮ್ಮ ಬಿಲ್ಡಿಂಗಿನ ಕೆಳಗಡೆ, ಬಿ.ಎಚ್. ರಸ್ತೆ ಪಕ್ಕ, ತಿಪಟೂರು.

ವಿಷಯ: ಬಾಡಿಗೆ ಕಟ್ಟುತ್ತಿರುವ ನನ್ನ ಜಾಗದಲ್ಲಿ ನನ್ನದೇ ಸ್ಕೂಟರ್ ನಿಲ್ಲಿಸಿದ ಘೋರ ಅಪರಾಧಕ್ಕೆ ತಾವು ಹಾಕಿರುವ 500 ರೂಪಾಯಿ ದಂಡ.

ಉಲ್ಲೇಖ: ಬ್ರೇಕಿಗೆ ರಬ್ಬರ್ ಬ್ಯಾಂಡ್ ಸುತ್ತಿ ಸಿಕ್ಕಿಸಿದ್ದ ತಮ್ಮ ಗುಲಾಬಿ ಬಣ್ಣದ ಚೀಟಿ.

ಮಾನ್ಯರೇ,

ಈಗಷ್ಟೇ ತಮ್ಮ ಆಫೀಸಿನಿಂದ ಚೊಂಬು ಹಿಡಿದುಕೊಂಡು ವಾಪಸ್ ಬಂದಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಬನ್ನಿ, ಸಾಹೇಬರು ಇರುತ್ತಾರೆ ಅಂದಿದ್ದರು. ಹೋದೆ. ಒಂದು ಟೇಬಲ್ಲು, ಅದರ ಮೇಲೆ ಚೀಟಿ ಪುಸ್ತಕಗಳ ಕಟ್ಟು, ಗೋಡೆಯಲ್ಲಿ ಊದುಕಡ್ಡಿ ಹಚ್ಚಿಸಿಕೊಂಡ ಲಕ್ಷ್ಮಿ. ಲಕ್ಷ್ಮಿ ಇದ್ದಳು, ಸಾಹೇಬರು ಇರಲಿಲ್ಲ. ತಿಂಡಿಗೆ ಹೋಗಿದ್ದಾರೆ ಅಂದರು. ಆಮೇಲೆ ಯಾರೋ ತೀರಿಕೊಂಡಿದ್ದಾರೆ, ಅಲ್ಲಿಗೆ ಹೋಗಿದ್ದಾರೆ ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಸಾಹೇಬರು ಬೆಂಗಳೂರಿನಲ್ಲೇ ಇರೋದು, ಇಲ್ಲಿಗೆ ಬರೋದೇ ಅಪರೂಪ ಅಂದರು. ಮೊದಲೇ ಹೇಳಿದ್ದರೆ ನಾನೂ ತಿಂಡಿ ತಿಂದು ಬರುತ್ತಿದ್ದೆನಲ್ಲ ಸ್ವಾಮಿ!

ಕೊನೆಗೆ ಅಲ್ಲಿದ್ದ ಹುಡುಗ, ದೂರು ಕೊಡೋದಾದರೆ ಫಾರಂ ತುಂಬಿ ಅಂದ. ಫಾರಂಗೆ ಹತ್ತು ರೂಪಾಯಿ. ನಿಮ್ಮ ಮೇಲೆ ದೂರು ಹೇಳುವುದಕ್ಕೂ ನಿಮಗೇ ದುಡ್ಡು! ಇದೇನಪ್ಪಾ ಅಂದರೆ, “ರಸೀದಿ ಕೊಡ್ತೀವಲ್ಲ ಸಾರ್” ಅಂದ. ಈ ಮಾತು ತಮ್ಮ ಸಂಸ್ಥೆಯ ಧ್ಯೇಯವಾಕ್ಯ ಅಂತ ಕಾಣುತ್ತದೆ. ಬೋರ್ಡಿನ ಮೇಲೆ ಬರೆಸಿಬಿಡಿ.

ಇನ್ನು ಅಪರಾಧದ ವಿಚಾರ. ನಮ್ಮ ಬಿಲ್ಡಿಂಗಿನಲ್ಲಿ ಮನೆಗೊಂದರಂತೆ ಕೆಳಗೆ ಗಾಡಿ ನಿಲ್ಲಿಸಲು ಗೆರೆ ಎಳೆದ ಜಾಗಗಳಿವೆ. ನನ್ನ ಜಾಗದ ನೆಲದ ಮೇಲೆ ಹಳದಿ ಪೇಂಟಿನಲ್ಲಿ ‘6’ ಅಂತ ಬರೆದಿದೆ. ಬಾಡಿಗೆ ಕರಾರಿನಲ್ಲೂ, ಮನೆ ನಂಬರ್ ಆರು, ಜೊತೆಗೆ ಕೆಳಗಡೆ ವಾಹನ ನಿಲ್ಲಿಸುವ ಜಾಗ ಅಂತ ಅಚ್ಚಾಗಿದೆ. ತಿಂಗಳ ಐದರೊಳಗೆ ಬಾಡಿಗೆ ಹಾಕುತ್ತೇನೆ. ಹೀಗಿರುವಾಗ ಬೆಂಗಳೂರಿನಲ್ಲಿರುವ ನಮ್ಮ ಮಾಲೀಕರಿಗೆ ಒಂದು ದಿವ್ಯ ಯೋಚನೆ ಹೊಳೆಯಿತು. ಕೊಬ್ಬರಿ ಹರಾಜಿನ ದಿನ ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಹುಳಿಯಾರು ಕಡೆಯಿಂದ ಜನ ಬರುತ್ತಾರೆ, ಬೈಕು ನಿಲ್ಲಿಸಲು ಪರದಾಡುತ್ತಾರೆ, ಕೆಳಗಿನ ಜಾಗವನ್ನು ಪೇ ಅಂಡ್ ಪಾರ್ಕಿಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆ. ತಾವು ಬಂದಿರಿ. ಬೋರ್ಡು ಬಂತು. ಸರಪಳಿ ಬಂತು. ನನ್ನ ಆರನೇ ನಂಬರಿನ ಮೇಲೆ ಯಾರದೋ ಬುಲೆಟ್ಟು ಬಂತು.

ನಾನೂ ಸುಮ್ಮನಿದ್ದೆ. ಹರಾಜಿನ ದಿನ ತಾನೇ, ಪಾಪ ರೈತರು, ಅಂತ ಸ್ಕೂಟರನ್ನು ಮೆಟ್ಟಿಲ ಪಕ್ಕಕ್ಕೆ ತಳ್ಳಿಕೊಂಡೆ. ಮೆಟ್ಟಿಲ ಪಕ್ಕದ ಜಾಗ ವಿಐಪಿ ಅಂದರು. ಕಾಂಪೌಂಡಿನ ಮೂಲೆಯ ತೆಂಗಿನ ಮರದ ಬುಡಕ್ಕೆ ಹೋದೆ. ಅಲ್ಲಿ ನೈಟ್ ಚಾರ್ಜು ಅಂದರು. ಆ ಮರ ಹಗಲೂ ರಾತ್ರಿ ಅಲ್ಲೇ ನಿಂತಿದೆಯಲ್ಲ, ಅದಕ್ಕೆಷ್ಟು ಚಾರ್ಜು ಹಾಕಿದ್ದೀರಿ ಅಂತ ಕೇಳಿದೆ. ಹುಡುಗ ನಗಲಿಲ್ಲ. ಮರವನ್ನು ಒಂದು ಸಲ ಬುಡದಿಂದ ಸುಳಿಯವರೆಗೂ ನೋಡಿದ. ನನಗೆ ಭಯವಾಯಿತು.

ಕೊನೆಗೆ ರೋಸಿಹೋಗಿ, ರಾತ್ರಿ ಬುಲೆಟ್ಟು ಹೋದ ಮೇಲೆ ನನ್ನ ಜಾಗಕ್ಕೇ ವಾಪಸ್ ಹೋಗಿ ನಿಲ್ಲಿಸಿದೆ. ಮಾರನೇ ದಿನ ಬೆಳಿಗ್ಗೆ ಚಕ್ರಕ್ಕೆ ಸರಪಳಿ, ಬ್ರೇಕಿಗೆ ಚೀಟಿ. ‘ಅನಧಿಕೃತ ನಿಲುಗಡೆ, ದಂಡ ರೂ. 500’. ಗಾಡಿ ನಂಬರ್ ಬರೆಯುವಾಗ ನಿಮ್ಮ ಹುಡುಗ ಕೆಎ-44 ಅನ್ನುವುದರ ಬದಲು ಕೆಎ-06 ಅಂತ ಗೀಚಿದ್ದಾನೆ. ತಿಪಟೂರಿನ ಸ್ಕೂಟರನ್ನು ತುಮಕೂರಿಗೆ ವರ್ಗ ಮಾಡಿದ್ದಾನೆ. ತಮ್ಮ ಚೀಟಿಯ ಪ್ರಕಾರ ತಪ್ಪು ಮಾಡಿರುವುದು ತುಮಕೂರಿನ ಯಾವುದೋ ಗಾಡಿ. ಅವರ ಹತ್ತಿರ ಹೋಗಿ ವಸೂಲಿ ಮಾಡಿಕೊಳ್ಳಿ ಅಂತ ಇಲ್ಲಿಗೇ ಪತ್ರ ಮುಗಿಸಬಹುದಿತ್ತು. ಮುಗಿಸುವುದಿಲ್ಲ.

500 ರೂಪಾಯಿ ಅಂದರೆ ಎಷ್ಟು ಅಂತ ತಮಗೆ ಗೊತ್ತಿರಲಿಕ್ಕಿಲ್ಲ. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು, ಹೇಳುತ್ತೇನೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100. ಆ ಲೆಕ್ಕದಲ್ಲಿ ನಿಮ್ಮ ದಂಡ ನಾಲ್ಕು ಕೆಜಿ ಚಿಲ್ಲರೆ ಉಂಡೆ ಕೊಬ್ಬರಿ. ಅಷ್ಟು ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಕೆಡವಿ, ಅಟ್ಟಕ್ಕೆ ಏರಿಸಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿಸಬೇಕು, ಒಡೆಸಬೇಕು, ಚೀಲ ತುಂಬಿ ಮಾರ್ಕೆಟ್ಟಿಗೆ ತರಬೇಕು. ನಿಮ್ಮ 500 ಆಗುವುದಕ್ಕೆ ಹುಡುಗ ಜೇಬಿನಿಂದ ಪೆನ್ನು ತೆಗೆದರೆ ಸಾಕು. ಸದ್ಯ, ತಮ್ಮ ಕಣ್ಣು ಇನ್ನೂ ನಮ್ಮ ಸೀಮೆಯ ಅಟ್ಟಗಳ ಮೇಲೆ ಬಿದ್ದಿಲ್ಲ. ಬಿದ್ದಿದ್ದರೆ ಒಂದೊಂದು ಕಾಯಿಗೂ ವರ್ಷದ ನೈಟ್ ಚಾರ್ಜು ಹಾಕುತ್ತಿದ್ದಿರಿ. ರಸೀದಿ ಮಾತ್ರ ಕೊಡುತ್ತಿದ್ದಿರಿ, ಅದರಲ್ಲಿ ಅನುಮಾನವಿಲ್ಲ.

ನಮ್ಮ ಬಾಡಿಗೆ ಕರಾರೂ ಹನ್ನೊಂದೇ ತಿಂಗಳದ್ದು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಯಾಕೆ ಅಂತ ಊರಲ್ಲಿ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಹನ್ನೊಂದು ತಿಂಗಳಾದರೂ ಕರಾರು ಕರಾರೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುವುದು ಇಷ್ಟೇ: ಬಾಡಿಗೆ ಕಟ್ಟಿಕೊಂಡು ಕರಾರಿನಂತೆ ನಡೆಯುವವನು ಅವಧಿ ಮುಗಿಯುವ ತನಕ ಯಾರ ಅಡ್ಡಿಯೂ ಇಲ್ಲದೆ ಆ ಜಾಗ ಅನುಭವಿಸಬಹುದು. ನನಗೆ ಕೊಟ್ಟಾದ ಮೇಲೆ ಆರನೇ ನಂಬರಿನ ಜಾಗವನ್ನು ತಮಗೆ ಕೊಡಲು ಮಾಲೀಕರ ಕೈಯಲ್ಲಿ ಉಳಿದಿದ್ದಾದರೂ ಏನು? ಅವರ ಹತ್ತಿರ ಇಲ್ಲದ್ದನ್ನು ಅವರು ಕೊಟ್ಟರು, ಅವರು ಕೊಡದೇ ಇದ್ದದ್ದನ್ನು ತಾವು ತಗೊಂಡಿರಿ, ದುಡ್ಡು ಮಾತ್ರ ನಾನು ಕೊಡಬೇಕು. ಇದನ್ನು ಮಾಲೀಕರಿಗೆ ಫೋನಿನಲ್ಲಿ ಹೇಳೋಣ ಅಂದರೆ ಅವರು ಯಾವಾಗಲೂ ಮೀಟಿಂಗಿನಲ್ಲಿರುತ್ತಾರೆ. ಬಾಡಿಗೆ ಒಂದು ದಿನ ತಡವಾದರೆ ಮಾತ್ರ ಮೀಟಿಂಗು ಮುಗಿದಿರುತ್ತದೆ.

ಗೇಟಿನಲ್ಲಿ ಬೋರ್ಡು ಹಾಕಿದ್ದೀವಲ್ಲ, ಓದಿ ಒಳಗೆ ಬಂದಿರಿ ಅಂದರೆ ಒಪ್ಪಿದಿರಿ ಅಂತ ಅರ್ಥ, ಅಂದ ನಿಮ್ಮ ಹುಡುಗ. ಆಹಾ! ಮನೆಗೆ ಹೋಗಲು ನನಗೆ ಇರುವುದು ಅದೊಂದೇ ಗೇಟು. ಬೋರ್ಡು ಒಪ್ಪದಿದ್ದರೆ ನಾನು ಆ ತೆಂಗಿನ ಮರ ಹತ್ತಿ ಎರಡನೇ ಮಹಡಿಗೆ ಜಿಗಿಯಬೇಕೇ? ನೀವು ನೇತು ಹಾಕಿದ ಬೋರ್ಡು ನನ್ನ ಸಹಿ ಆಗುವುದಿಲ್ಲ. ಹೋಗಲಿ, ಸಹಿ ಹಾಕಿದ್ದೇನೆ ಅಂತಲೇ ಇಟ್ಟುಕೊಳ್ಳಿ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ಕರಾರು ಮುರಿದವನಿಂದ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬಾಯಿಗೆ ಬಂದ ಮೊತ್ತವಲ್ಲ. ನನ್ನ ಸ್ಕೂಟರು ನನ್ನ ಜಾಗದಲ್ಲಿ ರಾತ್ರಿ ನಿಂತಿದ್ದರಿಂದ ತಮಗಾದ ನಷ್ಟವೇನು? ನಿದ್ದೆ ಕೆಟ್ಟಿತೇ?

ಸರಪಳಿ ವಿಷಯ. ಗಾಡಿಯ ಚಕ್ರಕ್ಕೆ ಬೀಗ ಹಾಕಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಕೊಟ್ಟಿರುವುದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ, ಅದೂ ಸಾರ್ವಜನಿಕ ಜಾಗದಲ್ಲಿ. ನಿಮ್ಮ ಹುಡುಗನ ಟೀ ಶರ್ಟು ಸಮವಸ್ತ್ರವಲ್ಲ. ಅದರ ಬೆನ್ನ ಮೇಲೆ ‘ಸೆಕ್ಯೂರಿಟಿ’ ಅಂತ ಇದ್ದರೂ ಅಲ್ಲ.

ಹಾಗೆಯೇ ಆ ಬೋರ್ಡಿನ ಕೊನೆಯ ಸಾಲು, ವಾಹನ ಕಳುವಾದರೆ ನಾವು ಜವಾಬ್ದಾರರಲ್ಲ ಅನ್ನೋದು. ದುಡ್ಡಿಗೆ ನೀವು ಜವಾಬ್ದಾರರು, ಗಾಡಿಗೆ ದೇವರು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಗಿರಾಕಿಯೊಬ್ಬರು ಕಾರಿನ ಕೀಲಿ ಕೊಟ್ಟು ಒಳಗೆ ಹೋದರು, ಮಾರುತಿ ಝೆನ್ ಕಳುವಾಯಿತು. ಚೀಟಿಯಲ್ಲೇ ಬರೆದಿದ್ದೆವು, ಜವಾಬ್ದಾರಿ ನಮ್ಮದಲ್ಲ ಅಂತ ಹೋಟೆಲು ವಾದಿಸಿತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಅಲ್ಲಿ ಕೀಲಿ ಕೊಟ್ಟಿದ್ದರು, ಇಲ್ಲಿ ಕೊಟ್ಟಿಲ್ಲ, ನಿಜ. ಇಲ್ಲಿ ಕೀಲಿ ನನ್ನದು, ಬೀಗ ನಿಮ್ಮದು. ಯಾವುದು ದೊಡ್ಡ ಜವಾಬ್ದಾರಿ ಅಂತ ತಾವೇ ಯೋಚಿಸಿ.

ಇದೆಲ್ಲ ಬಿಡಿ. ಪೇಪರ್ ಹುಡುಗನಿಗೆ ಚೀಟಿ ಕೊಟ್ಟಿದ್ದನ್ನು ಬಿಟ್ಟಿದ್ದೇನೆ. ಸಿಲಿಂಡರ್ ತರುವವನು ನಿಮ್ಮ ಚೀಟಿಯ ಇಪ್ಪತ್ತು ರೂಪಾಯಿ ಸೇರಿಸಿ ನಮ್ಮ ಹತ್ತಿರ ಕಿತ್ತುಕೊಂಡಿದ್ದನ್ನೂ ಬಿಟ್ಟಿದ್ದೇನೆ. ನನ್ನ ಐನೂರು ಕೂಡ ಒಂದು ಕಡೆ ಇರಲಿ. ನಾನು ಈ ಪತ್ರ ಬರೆಯಲು ಕೂತದ್ದು ನಮ್ಮ ಮಾವನವರ ಐವತ್ತು ರೂಪಾಯಿಗೆ.

ಮೊನ್ನೆ ಅವರು ಲಗೇಜ್ ಆಟೋದಲ್ಲಿ ಬಂದಿದ್ದರು. ಮಗಳಿಗೆ ಅಂತ ಒಂದು ಮೂಟೆ ಕಾಯಿ, ಎರಡು ಹಲಸಿನ ಹಣ್ಣು, ಬಟ್ಟೆ ಸುತ್ತಿದ ತುಪ್ಪದ ಡಬ್ಬ. ನಾನು ಮಂಡಿಯಲ್ಲಿದ್ದೆ. ಮನೆಯವಳು ಕೆಳಗೆ ಇಳಿದು ಬರುವಷ್ಟರಲ್ಲಿ ನಿಮ್ಮ ಹುಡುಗ ಆಟೋ ಮುಂದೆ ನಿಂತು ಲೋಡಿಂಗ್ ಚಾರ್ಜು ಐವತ್ತು ಕೇಳಿದ್ದಾನೆ. “ಇಳಿಸ್ತಾ ಇದೀನಿ ಕಣಪ್ಪ, ಈಗ ಹೊರಟೆ” ಅಂದಿದ್ದಾರೆ ಮಾವ. ಇಳಿಸಿದರೂ ಲೋಡಿಂಗೇ ಅಂದನಂತೆ. ಎಪ್ಪತ್ತು ದಾಟಿದ ಮನುಷ್ಯ. ಒಂದು ಮಾತೂ ಆಡದೆ ಒಳಜೇಬಿನಿಂದ ಐವತ್ತರ ನೋಟು ತೆಗೆದು ಕೊಟ್ಟರು. ಮೂಟೆಯನ್ನು ಗೇಟಿನ ಹತ್ತಿರವೇ ಇಳಿಸಿದರು. ಕಾಫಿಗೆ ನೀರಿಟ್ಟಿದ್ದೇನೆ ಬಾ ಅಪ್ಪ ಅಂತ ಮಗಳು ಕೂಗಿದರೂ ಮೇಲೆ ಹತ್ತಲಿಲ್ಲ, ಆಟೋದವನು ಕಾಯುತ್ತಾನೆ, ಮತ್ತೆ ಇನ್ನೊಂದು ಚೀಟಿ ಹರಿದಾನು ಅಂತ. ರಾತ್ರಿ ಫೋನ್ ಮಾಡಿದರೆ, “ಬಿಡಿ ಅಳೀಂದ್ರೆ, ಟೌನು ಅಂದ್ಮೇಲೆ ಇದ್ದದ್ದೇ, ಇನ್ಮೇಲೆ ಬಸ್ಸಲ್ಲೇ ಬತ್ತೀನಿ” ಅಂದರು. ಬಸ್ಸಿನಲ್ಲಿ ಕಾಯಿ ಮೂಟೆ ಹೊತ್ತು ಬರುತ್ತಾರಂತೆ, ಈ ವಯಸ್ಸಿನಲ್ಲಿ! ನಾಚಿಕೆ ಆಗಬೇಕು ನಿಮಗೆ. ಅವರ ಊರಿನ ಜಾತ್ರೆಗೆ ಬಂದ ಗಾಡಿಗಳೆಲ್ಲ ನಿಲ್ಲುವುದು ಅವರ ತೋಟದಲ್ಲಿ. ಯಾರ ಹತ್ತಿರವೂ ಏನೂ ಕೇಳಿದವರಲ್ಲ. ನಿಲ್ಲಿಸಿದವರಿಗೆ ಎಳನೀರು ಕೆಡವಿಸಿ ಕೊಡುತ್ತಾರೆ. ಮಗಳ ಮನೆ ಬಾಗಿಲಲ್ಲಿ ಅವರ ಹತ್ತಿರ ಐವತ್ತು ರೂಪಾಯಿ ವಸೂಲಿ ಮಾಡಿದಿರಿ. ಯಾವ ಬಾಯಲ್ಲಿ ಕೇಳಿದಿರಿ?

ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೋರ್ಟಿನಲ್ಲೂ ಇಂಥದ್ದೇ ಒಂದು ಕೇಸು ತೀರ್ಮಾನವಾಗಿತ್ತು, 2016ರಲ್ಲಿ. ಒಬ್ಬ ಹೆಣ್ಣುಮಗಳು ತಾನಿದ್ದ ಫ್ಲಾಟಿನ ಬಾಗಿಲ ಮುಂದೆ ಕಾರು ನಿಲ್ಲಿಸಿ ಒಂದು ಮೇಜು ಇಳಿಸಿದಳು. ಪಾರ್ಕಿಂಗ್ ಕಂಪನಿ ದಂಡ ಹಾಕಿತು. ಕೆಳಗಿನ ನ್ಯಾಯಾಧೀಶರು ಕಂಪನಿಯ ಪರ ಹೇಳಿದರು. ಅವಳು ಬಿಡಲಿಲ್ಲ, ಮೇಲ್ಮನವಿ ಹೋದಳು, ಗೆದ್ದಳು. ಸಾಮಾನು ಇಳಿಸಲು ನಿಲ್ಲಿಸುವುದು ಪಾರ್ಕಿಂಗ್ ಅಲ್ಲ, ಅಲ್ಲಿ ವಾಸ ಇರುವವರಿಗೆ ಕರಾರಿನಿಂದ ಬಂದ ಹಕ್ಕನ್ನು ಆಮೇಲೆ ಬಂದ ಕಂಪನಿ ತನ್ನಷ್ಟಕ್ಕೆ ಕಿತ್ತುಕೊಳ್ಳುವ ಹಾಗಿಲ್ಲ ಅಂತ ತೀರ್ಪಾಯಿತು. ಅದೇ ದೇಶದ ಸುಪ್ರೀಂ ಕೋರ್ಟು ಅದರ ಹಿಂದಿನ ವರ್ಷ ಇನ್ನೊಂದು ಕೇಸಿನಲ್ಲಿ 85 ಪೌಂಡಿನ ಪಾರ್ಕಿಂಗ್ ದಂಡ ಸರಿ ಅಂದಿತ್ತು, ಅದನ್ನೂ ಹೇಳಿಬಿಡುತ್ತೇನೆ, ನಿಮ್ಮ ವಕೀಲರಿಗೆ ಕೆಲಸ ಉಳಿಯಲಿ. ಆದರೆ ಅದು ಅಂಗಡಿಗಳ ಮುಂದಿನ ಜಾಗ, ಎರಡು ಗಂಟೆ ಪುಕ್ಕಟೆ ಬಿಟ್ಟು ಆಮೇಲೆ ಹಾಕಿದ್ದು. ನೀವು ಮಾವನಿಗೆ ಎರಡು ನಿಮಿಷವನ್ನೂ ಬಿಡಲಿಲ್ಲ.

ಆಕ್ಸ್‌ಫರ್ಡ್ ತೀರ್ಪು ತಿಪಟೂರಿಗೆ ಅನ್ವಯಿಸುವುದಿಲ್ಲ ಅನ್ನುತ್ತೀರಿ. ಒಪ್ಪಿದೆ. ತಿಪಟೂರು ನಗರಸಭೆ ತಿಪಟೂರಿಗೆ ಅನ್ವಯಿಸುತ್ತದಲ್ಲ? ಪ್ಲಾನ್ ಪಾಸ್ ಮಾಡಿಸುವಾಗ ಈ ಕೆಳಗಿನ ಜಾಗವನ್ನು ಏನಂತ ತೋರಿಸಿದ್ದಾರೆ, ಮನೆಯವರ ಗಾಡಿಗಳಿಗೆ ಅಂತಲೋ ವ್ಯಾಪಾರಕ್ಕೆ ಅಂತಲೋ, ಒಂದು ಸಲ ನೋಡೋಣ ಅಂತ ಆಸೆಯಾಗಿದೆ. ನಿಮ್ಮ ದೂರಿನ ಫಾರಂಗೆ ಕೊಡಬೇಕಾಗಿದ್ದ ಅದೇ ಹತ್ತು ರೂಪಾಯಿಗೆ ಪೋಸ್ಟಲ್ ಆರ್ಡರ್ ತಗೊಂಡು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇನೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ತುಮಕೂರಿನ ಗ್ರಾಹಕರ ಆಯೋಗಕ್ಕೂ ಹೋಗಬಹುದಂತೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲವಂತೆ. ಅಲ್ಲಿ ಹೋದರೆ ಖುಷಿಯಾಗುವುದು ನನಗಲ್ಲ, ನಿಮ್ಮ ಚೀಟಿಯಲ್ಲಿರುವ ಆ ತುಮಕೂರು ಗಾಡಿಗೆ. ಅದಕ್ಕೆ ಊರು ಹತ್ತಿರ.

ಆದ್ದರಿಂದ 500 ರೂಪಾಯಿ ಕೊಡುವುದಿಲ್ಲ. ಸರಪಳಿ ಬಿಚ್ಚಿ. ಆರನೇ ನಂಬರಿನ ಮೇಲೆ ಇನ್ನು ಯಾರ ಬುಲೆಟ್ಟೂ ನಿಲ್ಲಿಸಬೇಡಿ. ಮಾವನವರ ಐವತ್ತು ರೂಪಾಯಿ ವಾಪಸ್ ಕೊಡಿ. ನನ್ನ ಕೈಗಲ್ಲ, ಅವರ ಕೈಗೇ ಕೊಡಬೇಕು. ತುರುವೇಕೆರೆಗೆ ಹೋಗಿ, ಅಲ್ಲಿಂದ ಮಾಯಸಂದ್ರದ ದಾರಿ ಹಿಡಿಯಿರಿ, ಊರಿನ ಹೆಸರು ಕೇಳಿದರೆ ಆಫೀಸಿಗೆ ಬಂದು ಹೇಳುತ್ತೇನೆ, ತಾವು ಇದ್ದರೆ. ಕೊಟ್ಟ ಮೇಲೆ ಅವರಿಂದ ರಸೀದಿ ಕೇಳಬೇಡಿ. ಅವರ ಹತ್ತಿರ ಪುಸ್ತಕ ಇಲ್ಲ.

ಇಂತಿ,
ಮನೆ ನಂಬರ್ ಆರರ ಬಾಡಿಗೆದಾರ

ವಿ.ಸೂ.: ಗಾಡಿಯನ್ನು ತೋಟದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ, ಚಾರ್ಜಿಲ್ಲ. ಮರದ ಕೆಳಗೆ ನಿಲ್ಲಿಸಿ, ಕಾಯಿ ಬಿದ್ದು ಟ್ಯಾಂಕು ಒಳಗೆ ಹೋದರೆ ಮಾತ್ರ ನಮ್ಮ ಮಾವ ಜವಾಬ್ದಾರರಲ್ಲ. ಬೋರ್ಡು ಹಾಕಿಲ್ಲ, ಈಗಲೇ ಹೇಳಿದ್ದೇನೆ.