ದಂಡದ ಮೇಲೆ ದಂಡೆತ್ತಿ ಹೋದವರು

ಅಮೆರಿಕದ ಕನ್ನಡಿಗರಲ್ಲಿ ಒಂದು ಪಂಗಡವಿದೆ. ಸರ್ಕಾರ ಏನನ್ನಾದರೂ ಕಡ್ಡಾಯ ಅಂದರೆ ಸಾಕು, ಮಾಡದಿದ್ದರೆ ಎಷ್ಟು ಬೀಳುತ್ತದೆ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಊರಲ್ಲಿದ್ದಾಗ ಹೆಲ್ಮೆಟ್ಟಿನ ಬೆಲೆಯನ್ನೂ ಪೊಲೀಸರ ದಂಡವನ್ನೂ ತೂಗಿ ನೋಡಿದವರು ಇವರೇ. ನ್ಯೂಜೆರ್ಸಿಯ ನಮ್ಮ ಷಡ್ಡಕರು ಈ ಪಂಗಡದ ಶಿರೋಮಣಿ.

2010ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. 2014ರಿಂದ ಎಲ್ಲರೂ ಆರೋಗ್ಯ ವಿಮೆ ಮಾಡಿಸಬೇಕು, ಇಲ್ಲವಾದರೆ ತೆರಿಗೆಯ ಜೊತೆ ದಂಡ ಕಟ್ಟಬೇಕು ಎಂದಾಯಿತು. ಷಡ್ಡಕರ ಬಾಳಿಗೊಂದು ಗುರಿ ಸಿಕ್ಕಿತು. ವಿಮೆ ಕೊಳ್ಳಿ ಅನ್ನಬಹುದಾದರೆ ಬ್ರೊಕೊಲಿ ಕೊಳ್ಳಿ ಎಂದೂ ಅನ್ನಬಹುದಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದ್ದು ಅವರಿಗೆ ಬಾಯಿಪಾಠ. ಅತ್ತಿಗೆ ಬ್ರೊಕೊಲಿ ಪಲ್ಯ ಮಾಡಿದ ದಿನ ನಾವೂ ಅದನ್ನು ಕೇಳಲೇಬೇಕು. ಆ ಮೊಕದ್ದಮೆ 5-4ರಲ್ಲಿ ಸರ್ಕಾರದ ಕಡೆಗಾಯಿತು. ಇದನ್ನು ತೆರಿಗೆ ಎಂದೇ ತಿಳಿಯಬಹುದು ಎಂದರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. "ಈ ರಾಬರ್ಟ್ಸ್ ಹೀಗೆ ಕೈಕೊಡಬಾರದಿತ್ತು ಕಣ್ರೀ" ಎಂದು ಷಡ್ಡಕರು ಇಂದಿಗೂ ಹಲುಬುತ್ತಾರೆ, ಪಕ್ಕದ ಮನೆಯವರು ಕೋರ್ಟಿನಲ್ಲಿ ಸಾಕ್ಷಿ ತಿರುಗಿಸಿದರೇನೋ ಎಂಬಂತೆ.

2016ರಲ್ಲಿ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾನು ಬಿಸಿಬೇಳೆಬಾತ್ ಹಾಕಿಸಿಕೊಂಡು ಕೂತಿದ್ದೇ ತಪ್ಪಾಯಿತು. "ಪೆನ್ ಇದೆಯಾ?" ಎಂದು ನನ್ನ ಜೇಬಿಗೇ ಕೈ ಹಾಕಿದರು. ಖಾಲಿ ಪೇಪರ್ ಪ್ಲೇಟ್ ಬೋರಲು ಹಾಕಿ ಬರೆಯತೊಡಗಿದರು. "ನೀವಿಬ್ಬರು, ತಲೆಗೆ 695 ಡಾಲರ್. ಮಕ್ಕಳಿಬ್ಬರಿಗೆ ಅರ್ಧರ್ಧ. ಒಟ್ಟು 2,085. ಅಥವಾ ಆದಾಯದ ಎರಡೂವರೆ ಪರ್ಸೆಂಟ್. ಯಾವುದು ಜಾಸ್ತಿಯೋ ಅದು. ಈಗ ನಿಮ್ಮ ಸಂಬಳ ಹೇಳಿ!"

ಪಂಕ್ತಿಯೇ ಊಟ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿತು. ಹೆಂಡತಿಯ ಕಡೆಯವರೆಲ್ಲ ಇದ್ದರು, ಮಾನದ ಪ್ರಶ್ನೆ. ಇರುವುದಕ್ಕಿಂತ ಹೆಚ್ಚೇ ಹೇಳಿದೆ. ದಂಡವೂ ಅಷ್ಟೇ ಏರಿತು.

"ಹೆದರಬೇಡಿ" ಎಂದರು ಷಡ್ಡಕರು. "ಇದಕ್ಕೋಸ್ಕರ ಮನೆ ಜಪ್ತಿ ಮಾಡೋ ಹಾಗಿಲ್ಲ, ಜೈಲಿಗೆ ಹಾಕೋ ಹಾಗಿಲ್ಲ. ರೀಫಂಡ್ ಬಂದರೆ ಅದರಲ್ಲಿ ಹಿಡ್ಕೋಬಹುದು. ರೀಫಂಡೇ ಬರದ ಹಾಗೆ ನೋಡಿಕೊಂಡರಾಯಿತು!"

"ಕಾಯಿಲೆ ಬಿದ್ದರೆ?"

"ಆಗ ಮಾಡಿಸೋಣ. ಮೊದಲೇ ಕಾಯಿಲೆ ಇದೆ ಅಂತ ಕಂಪನಿಯವರು ಬೇಡ ಅನ್ನೋ ಹಾಗಿಲ್ಲವಲ್ಲ."

ನೋಂದಣಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡರು. ನನಗೂ ರೇಗಿತು. "ಎಲ್ಲರೂ ನಿಮ್ಮ ಹಾಗೆ ಕಾಯುತ್ತಾ ಕೂತರೆ ವಿಮೆಯಲ್ಲಿ ರೋಗಿಗಳಷ್ಟೇ ಉಳಿಯುತ್ತಾರೆ, ಕಂತು ಆಕಾಶಕ್ಕೆ ಏರುತ್ತದೆ. ಅದಕ್ಕೇ ದಂಡ ಇಟ್ಟಿರೋದು" ಎಂದೆ.

"ಏರಲಿ ಬಿಡಿ, ಕಟ್ಟೋನು ನಾನಲ್ಲವಲ್ಲ."

"ಕಟ್ಟೋಳು ನಾನು" ಎಂದರು ಅತ್ತಿಗೆ, ತುಪ್ಪದ ಮಿಳ್ಳೆ ಹಿಡಿದು. ಇಡೀ ಮನೆಗೆ ಅವರ ಆಫೀಸಿನ ವಿಮೆಯಂತೆ, ಮೊದಲಿನಿಂದಲೂ! ನಮ್ಮ ಹೋರಾಟಗಾರರು ಒಂದು ಸೆಂಟ್ ದಂಡವನ್ನೂ ಕಟ್ಟಿದವರಲ್ಲ. ಅಪ್ಪ ಅಮ್ಮ ಮಂಡ್ಯದಿಂದ ಬರುವಾಗ ವಿಮಾನದ ಟಿಕೆಟ್ಟಿಗಿಂತ ಮೊದಲು ಅವರ ವಿಮೆ ಕೊಳ್ಳುತ್ತಾರೆ. ಇಷ್ಟಾದರೂ ಬೆಂಗಳೂರಿನಿಂದ ಮರಳುವಾಗ ಸೂಟ್‌ಕೇಸಿನ ತುಂಬ ಜ್ವರದ ಮಾತ್ರೆ, ಬಾಯಲ್ಲಿ ಜಯನಗರದಲ್ಲಿ ಮಾಡಿಸಿದ ರೂಟ್ ಕೆನಾಲ್.

2017ರ ಕೊನೆಗೆ ವಾಷಿಂಗ್ಟನ್ನಿನವರು ದಂಡವನ್ನು ಸೊನ್ನೆಗೆ ಇಳಿಸಿದರು, 2019ರಿಂದ ಅನ್ವಯ. ಗೆದ್ದ ಮನುಷ್ಯ ಕುಣಿಯಬೇಕಿತ್ತು, ಮಂಕಾದರು. ಪುಣ್ಯಕ್ಕೆ ಅದೇ 2019ರಿಂದ ನ್ಯೂಜೆರ್ಸಿ ತನ್ನದೇ ದಂಡ ತಂದಿತು. ಷಡ್ಡಕರಿಗೆ ಮತ್ತೆ ಜೀವ ಬಂತು.

ಆಮೇಲೊಮ್ಮೆ ಹಾಸನದ ಹುಡುಗನೊಬ್ಬ ಎರಡು ಕಾಂಟ್ರಾಕ್ಟುಗಳ ನಡುವೆ ಕೆಲಸವೂ ಇಲ್ಲದೆ, ವಿಮೆಯೂ ಇಲ್ಲದೆ ಇದ್ದಾಗ ಅಪೆಂಡಿಕ್ಸ್ ನೋವಿನಿಂದ ಒದ್ದಾಡಿದ. ತುರ್ತು ಬಂದವರನ್ನು ಹಾಗೇ ವಾಪಸ್ ಕಳಿಸಬಾರದು ಎಂದು 1986ರ ಕಾನೂನೇ ಇದೆ, ಚಿಕಿತ್ಸೆ ಆಯಿತು. ಬಿಲ್ ಆಮೇಲೆ ಬಂತು. ಹುಡುಗ ಅದನ್ನು ಮಡಚಿ ಬ್ಯಾಗಿನ ತಳಕ್ಕೆ ಹಾಕಿದ್ದ. ಷಡ್ಡಕರು ಎಳೆದು ತೆಗೆದು ಡೈನಿಂಗ್ ಟೇಬಲ್ ಮೇಲೆ ಹರಡಿ, ಯಾವುದಕ್ಕೆ ಎಷ್ಟು ಎಂದು ಬಾಬ್ತುವಾರು ಪಟ್ಟಿ ತರಿಸಿದರು. ಫೋನಿನಲ್ಲಿ ಗಂಟೆಗಟ್ಟಲೆ ಕಾದರು. ರಾಜ್ಯದ 'ಚಾರಿಟಿ ಕೇರ್' ಅರ್ಜಿ ತಾವೇ ತುಂಬಿದರು. ಬಿಲ್ಲಿನ ಬಹುಪಾಲು ಇಳಿಯಿತು. ಪ್ಲೇಟಿನ ಹಿಂದೆ ಗೀಚಿ ನನ್ನ ತಲೆ ತಿಂದವರೂ ಇವರೇ ಎಂದು ನಂಬುವುದು ಕಷ್ಟವಾಯಿತು.

"ಮುಂದಿನ ಸಲ ವಿಮೆ ಮಾಡಿಸ್ಕೊಳೋ ಮಾರಾಯ" ಎಂದರು ಹುಡುಗನಿಗೆ. ತಕ್ಷಣ ನನ್ನ ಕಡೆ ತಿರುಗಿ, "ದಂಡಕ್ಕೆ ಹೆದರಿ ಅಲ್ಲ, ತಿಳೀತಾ?"

ಈ ಕಡೆ ಬರುವ ಕನ್ನಡಿಗರಲ್ಲಿ ಒಂದು ವಿನಂತಿ. ವಿಮೆಯ ನೋಂದಣಿ ಶುರುವಾಗುವುದು ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನವೇ. ಆಸುಪಾಸಿನಲ್ಲಿ ಕನ್ನಡ ಕೂಟದ ಊಟಕ್ಕೆ ಹೋದರೆ ಷಡ್ಡಕರ ಪಂಕ್ತಿಯಲ್ಲಿ ಕೂರಬೇಡಿ. ಆಸ್ಪತ್ರೆಯ ಬಿಲ್ ಬಂದರೆ ಮಾತ್ರ ಮೊದಲು ಅವರಿಗೇ ತೋರಿಸಿ. ಫೋನ್ ನಂಬರ್ ನೀವು ಕೇಳಬೇಕಾಗಿಲ್ಲ, ಅವರೇ ಕೊಡುತ್ತಾರೆ.